ಒಂದೇ ಜಾಗದಲ್ಲಿ ತಿರುಗಿದ ಚೆಂಡು

"ಮತ್ತ ಚೌಕಾ ಹೋಯ್ತು ನೋಡ್ರಿ ಅಕ್ಕಾರ," ಎಂದು ಇರಮ ಸ್ಕೋರ್ ಪುಸ್ತಕದಲ್ಲಿ ಇನ್ನೊಂದು ನಾಲ್ಕು ಬರೆದಳು. "ಈ ಓವರಿನಾಗ ಇದು ಮೂರನೇದು."

ಜೇವರ್ಗಿ ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ, ಸ್ಕೋರರ್ ಮೇಜಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎ.ಎಸ್.ಐ. ಜಯಮಾಲಾ ನೋಡುತ್ತಿದ್ದುದು ಚೆಂಡನ್ನಲ್ಲ, ಚೆಂಡು ಎಸೆದ ಹುಡುಗಿಯನ್ನು. ಆಳಂದ ತಂಡದ ಎಡಗೈ ಸ್ಪಿನ್ನರ್ ಶಿವಗಂಗಾ. ಹತ್ತೊಂಬತ್ತು ವರ್ಷ. ಖಜೂರಿಯ ಲಾರಿ ಡ್ರೈವರ್ ಮಾಳಿಂಗನ ಮಗಳು.

ಆ ಮಾಳಿಂಗ ಈಗ ಎರಡು ಫರ್ಲಾಂಗು ದೂರದ ಠಾಣೆಯ ಲಾಕಪ್ಪಿನಲ್ಲಿದ್ದ. ಬುಧವಾರ ಸಂಜೆ ಮೈದಾನದ ಆಳು ಧರ್ಮಣ್ಣನ ತಲೆ ಒಡೆದ ಎಂಬ ಆರೋಪ. ಧರ್ಮಣ್ಣ ಕಲಬುರಗಿಯ ಆಸ್ಪತ್ರೆಯಲ್ಲಿ ಕಣ್ಣು ತೆರೆಯದೆ ಮಲಗಿದ್ದ. ಇವತ್ತು ಶುಕ್ರವಾರ. ಸಂಜೆ ಐದಕ್ಕೆ ಮಾಳಿಂಗನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಷ್ಟರೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಅವನಿಗೆ ಜೈಲು.

ಗಂಟೆ ಎರಡೂ ನಲವತ್ತು.

ಬಿಸಿಲು ಸರಿದು ಜಯಮಾಲಾಳ ಮೊಣಕಾಲಿನ ಮೇಲೆ ಬಿತ್ತು. ಇರಮ ಬರೆಯುತ್ತಲೇ ಎಡಗಾಲಿನಿಂದ ತನ್ನ ಛತ್ರಿಯ ಬುಡವನ್ನು ಒಂದಿಷ್ಟು ಈ ಕಡೆ ತಳ್ಳಿದಳು. ತನ್ನ ಅರ್ಧ ಮೈ ಬಿಸಿಲಿಗೆ ಬಂದದ್ದನ್ನು ಅವಳು ಗಮನಿಸಿದಂತೆಯೇ ಇರಲಿಲ್ಲ. ಅಫಜಲಪುರ ತಂಡದ ಹುಡುಗಿ ಅದು. ತಮ್ಮ ಪಂದ್ಯಗಳು ಮುಗಿದಿದ್ದರೂ ಲೆಕ್ಕ ಬರೆಯಲು ಉಳಿದುಕೊಂಡಿದ್ದಳು.

"ಈ ಮೂರು ಪಂದ್ಯದಾಗ ಎಷ್ಟು ವಿಕೆಟ್ ಬಿದ್ದಾವವ್ವ?" ಎಂದಳು ಜಯಮಾಲಾ.

"ಒಂಬತ್ತು ರೀ. ಅದರಾಗ ನಾಕು ರನೌಟ್."

"ಶಿವಗಂಗಾಂದು?"

ಇರಮ ಪುಟ ತಿರುಗಿಸಲಿಲ್ಲ. ತಿರುಗಿಸುವ ಅಗತ್ಯವೂ ಇರಲಿಲ್ಲ. "ಸೊನ್ನಿ ರೀ ಅಕ್ಕಾರ. ಆಕಿ ಒಬ್ಬಾಕಿನೇ ಅಲ್ಲ, ಭಾಳ ಮಂದಿದು ಸೊನ್ನಿನೇ."

ಪಕ್ಕದ ಕುರ್ಚಿಯಿಂದ ದತ್ತಪ್ಪ ಮಾಸ್ತರರು ಕೆಮ್ಮಿದರು. ಚೌಡಾಪುರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಆಟ ಕಲಿಸಿ ನಿವೃತ್ತರಾದವರು. ಹೆಣ್ಣುಮಕ್ಕಳ ಜಿಲ್ಲಾ ತಂಡದ ಈ ಆಯ್ಕೆ ಪಂದ್ಯಗಳಿಗೆ ಅವರೇ ರೆಫರಿ.

"ಇದು ಆಟ ಅಲ್ರಿ ಮೇಡಂ, ಒಬ್ಬನ ಕೈ ಕಟ್ಟಿ ಕುಸ್ತಿಗಿ ಬಿಟ್ಟಂಗ," ಎಂದರು. "ನಮ್ಮ ಎರಿ ಭೂಮಿ ಹ್ಯಾಂಗ ಅದ ನಿಮಗ ಗೊತ್ತಿಲ್ಲೇನು? ನಾಕು ದಿನ ಬಿಸಿಲು ಬಿದ್ರ ಬಾಯಿ ಬಿಡತದ. ಆ ಬಿರುಕಿನಾಗ ಚೆಂಡು ಬಿದ್ರ ಯಾವ ಕಡಿ ಹೊಳ್ಳತದೋ ದೇವರೇ ಬಲ್ಲ. ಬ್ಯಾಟ್ ಹಿಡದಾಕಿಗಿ ಅಂಜಿಕಿ ಇರಬೇಕು, ಚೆಂಡು ಒಗದಾಕಿಗಿ ಆಸೆ ಇರಬೇಕು. ಎರಡೂ ಇದ್ರ ಅದು ತಕ್ಕಡಿ. ಇಲ್ಲಿ ಒಂದು ಪರಡಿನೇ ಕಿತ್ತು ಒಗದಾರ."

ಜಯಮಾಲಾಳಿಗೆ ಕ್ರಿಕೆಟ್ ಅಷ್ಟಕ್ಕಷ್ಟೆ. ಆದರೆ ಮಣ್ಣು ಗೊತ್ತಿತ್ತು. ಬೆಳಿಗ್ಗೆ ಪಂದ್ಯ ಶುರುವಾಗುವ ಮೊದಲೇ ಅವಳು ಪಿಚ್ಚಿನ ಅಂಚಿನಿಂದ ಒಂದು ಚಿಟಿಕೆ ಕಿತ್ತು ನಾಲಿಗೆಗೆ ಇಟ್ಟು ನೋಡಿದ್ದಳು. ಉಪ್ಪುಪ್ಪು. ಕರ್ಲು ಮಣ್ಣು. ಮಳೆ ಇಳಿಯಬಾರದು, ಬಿಸಿಲಿಗೆ ಬಿರಿಯಬಾರದು ಎಂದು ಮಣ್ಣಿನ ಮನೆಗಳ ಮಾಳಿಗೆಗೆ ಹಾಸುವ ಬಿಳಿ ಮಣ್ಣು. ಅವಳ ಅವ್ವ ವರ್ಷಕ್ಕೊಮ್ಮೆ ಬುಟ್ಟಿ ಬುಟ್ಟಿ ಹೊತ್ತು ಮಾಳಿಗೆಗೆ ಹಾಕಿ, ಮರದ ಕೊಡತಿಯಿಂದ ಬಡಿದು, ಮೇಲೆ ಜೋಳದ ಹೊಟ್ಟು ಉದುರಿಸಿ ಸಾರಿಸುತ್ತಿದ್ದಳು. ಧರ್ಮಣ್ಣ ಈ ಪಿಚ್ಚಿಗೂ ಅದನ್ನೇ ಮಾಡಿದ್ದ. ಇಪ್ಪತ್ತೆರಡು ಗಜದ ಮಾಳಿಗೆ.

ಪಾಪ, ಒಳ್ಳೆಯ ಕೆಲಸವೆಂದೇ ಮಾಡಿದ್ದ. ನೆಲ ಬಿರಿದರೆ ಅದು ಮನೆಗೆ ಅಪಮಾನ ಎಂದು ನಂಬಿದ ಮನುಷ್ಯ. "ಪಿಚ್ಚು ಚಂದಾಗಿ ಮಾಡು" ಎಂದು ಯಾರೋ ಹೇಳಿದರು. ಅವನಿಗೆ ಗೊತ್ತಿದ್ದ ಚಂದ ಇದೇ.

ಇದನ್ನೆಲ್ಲ ಹೇಳಿದವಳು ಧರ್ಮಣ್ಣನ ಹೆಂಡತಿ ರೇವಮ್ಮ. ಗಂಡನ ಬಟ್ಟೆ ಒಯ್ಯಲು ಆಸ್ಪತ್ರೆಯಿಂದ ಬಂದವಳು ಇವತ್ತು ಬೆಳಿಗ್ಗೆ ಠಾಣೆಯ ಬಾಗಿಲಲ್ಲಿ ಬುತ್ತಿ ಹಿಡಿದು ನಿಂತಿದ್ದಳು. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಉಳ್ಳಾಗಡ್ಡಿ.

"ಯಾರಿಗವ್ವ ಇದು?"

"ಮಾಳಿಂಗಣ್ಣಗ್ರಿ. ನಿನ್ನಿಯಿಂದ ಉಂಡಾನೋ ಇಲ್ಲೋ."

"ನಿನ್ನ ಗಂಡನ ಹೊಡದಾನ ಅಂತ ಅವನನ್ನ ಹಿಡದೀವಿ ರೇವಮ್ಮ."

"ನೀವು ಹಿಡದೀರಿ, ಖರೆ. ಆದ್ರ ನಮ್ಮನಿಯವರ ತಲಿ ಕೆಳಗ ಟವಲ್ ಮಡಚಿ ಇಟ್ಟಿದ್ರಂತಲ್ರಿ. ಹೊಡದಾವ ತಲಿದಿಂಬ ಯಾಕ ಇಡ್ತಾನ?" ಕಣ್ಣೊರೆಸಿಕೊಂಡು ಇನ್ನೊಂದು ಮಾತು ಸೇರಿಸಿದ್ದಳು. "ಬುಧವಾರ ಮಧ್ಯಾಹ್ನ ಊಟಕ್ಕ ಬಂದಾಗ ಅಂದ್ರು, ಆ ಚೆಂಡು ಒಗಿಯೋ ಹುಡುಗಿ ಗೋಡಿಗಿ ಮಾರಿ ಹಚ್ಚಿ ಅಳಾಕತ್ತಿತ್ತು, ನನ್ನ ಕೈಯಾರೆ ಆಕಿಗಿ ಅನ್ಯಾಯ ಆಗ್ಯದ, ಸಂಜೀಕ ಮ್ಯಾಲಿನ ಕರ್ಲೆಲ್ಲ ಕೆತ್ತಿ ಒಗೀತೇನಿ ಅಂತ."

ಆ ಸಂಜೆಯೇ ತಲೆ ಒಡೆದಿತ್ತು. ಕರ್ಲು ಹಾಗೆಯೇ ಉಳಿದಿತ್ತು. ಅವನದೇ ಫೋನಿನಿಂದ ಒಂದು ಹೆಣ್ಣುದನಿ ಹೆಸರು ಹೇಳದೆ ಆಂಬುಲೆನ್ಸ್ ಕರೆದಿತ್ತು. ಅವನ ಕೊಡತಿ ಮಾತ್ರ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ.

ಮಾಳಿಂಗ ಲಾಕಪ್ಪಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಬುಧವಾರ ಪಂದ್ಯ ಮುಗಿದ ಮೇಲೆ ನಲವತ್ತು ಜನರೆದುರು ಧರ್ಮಣ್ಣನ ಅಂಗಿ ಹಿಡಿದು, "ಇದು ಪಿಚ್ ಏನಲೇ, ಡಾಂಬರ ರಸ್ತಾನೋ?" ಎಂದು ಕೂಗಾಡಿದ್ದು ನಿಜ. ಅದಕ್ಕಿಂತ ದೊಡ್ಡ ಸಾಕ್ಷಿ ಪಿ.ಎಸ್.ಐ. ಸಾಹೇಬರಿಗೆ ಬೇಕಿರಲಿಲ್ಲ. ರೇವಮ್ಮನ ರೊಟ್ಟಿಯ ಗಂಟು ಬಿಚ್ಚಿದಾಗ ಮಾತ್ರ ಮಗಳ ಮಾತು ತೆಗೆದಿದ್ದ.

"ನಮ್ಮ ಶಿವಗಂಗಾ ಕಣ ಸಾರಿಸಿದ್ರ ಕನ್ನಡಿ ಇದ್ದಂಗ ಇರ್ತದ್ರಿ," ಎಂದಿದ್ದ, ಯಾಕೆ ಹೇಳುತ್ತಿದ್ದೇನೆಂದು ತನಗೇ ತಿಳಿಯದವನಂತೆ. "ಸಾರಿಸಿ ಮುಗದ ಮ್ಯಾಲ ಒಂದು ಅಂಗೈ ಒತ್ತತಾರಲ್ರಿ, ಲಕ್ಷ್ಮಿ ನಿಲ್ಲಲಿ ಅಂತ? ಆಕಿ ಎಡಗೈ ಒತ್ತತಿದ್ಳು. ಅವ್ವನ ಕಡಿಂದ ಬಯ್ಸಿಕೋತಿದ್ಳು. ಅದೇ ಎಡಗೈ ಈಗ ಚೆಂಡು ತಿರಗಸ್ತದ."

*

ಶಾಮಿಯಾನಾದಿಂದ ದೌಲತರಾಯರು ಎದ್ದು ಬೇವಿನ ಗಿಡದ ಕಡೆಗೇ ಬಂದರು. ಪಂದ್ಯಗಳ ಖರ್ಚು, ಊಟ, ಶಾಮಿಯಾನಾ ಎಲ್ಲ ಅವರದು. ಈಗ ಕ್ರೀಸಿನಲ್ಲಿ ನಿಂತು ಚೌಕಾ ಹೊಡೆಯುತ್ತಿದ್ದ ಭಾಗ್ಯಜ್ಯೋತಿ ಅವರ ಮಗಳು.

"ಏನ್ರಿ ಮೇಡಂ, ಬೆಳಿಗ್ಗಿ ನಮ್ಮ ಪಿಚ್ಚಿನ ಮಣ್ಣು ತಿಂದ್ರಂತ? ಹಸಿವಿ ಆಗಿದ್ರ ಹೇಳಬೇಕಿತ್ತಲ್ಲ, ಹೋಳಿಗಿ ಮಾಡಸೀನಿ."

ಅವರ ಹಿಂದಿದ್ದ ನಾಲ್ಕು ಜನ ನಕ್ಕರು.

"ಕರ್ಲು ಹಾಕಸಿದ್ದು ನೀವೇನ್ರಿ?" ಜಯಮಾಲಾ ಏಳದೆ ಕೇಳಿದಳು.

"ನಾನೇ. ಯಾಕ?"

"ನಿಮ್ಮ ಮಗಳು ಬ್ಯಾಟು ಹಿಡೀತಾಳ ಅಂತ?"

"ಮಂದಿಗಿ ಛಕ್ಕಾ ಬೇಕು ಅಂತ." ದೌಲತರಾಯರು ಬೆರಳು ಮಾಡಿ ತೋರಿಸಿದರು. ಕಂಪೌಂಡಿನ ಮೇಲೆ, ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಜನ ಕೂತಿದ್ದರು. ಯಾರೋ ಕೋಲಿಗೆ ಮೊಬೈಲು ಕಟ್ಟಿ ಪಂದ್ಯ ತೋರಿಸುತ್ತಿದ್ದ. "ಹೆಣ್ಣುಮಕ್ಕಳ ಆಟಕ್ಕ ಯಾವಾಗರ ಇಷ್ಟು ಮಂದಿ ಬಂದಿದ್ರೇನು? ಸುಮ್ಮ ಕೂತು ವಿಕೆಟ್ ಬೀಳೋದು ನೋಡಾಕ ಯಾರು ಬರ್ತಾರ? ದೊಡ್ಡ ದೊಡ್ಡ ಮೈದಾನದಾಗ ಇದೇ ನಡದದ. ನಾವೂ ಅದೇ ಮಾಡೀವಿ."

"ಧರ್ಮಣ್ಣ ಅದನ್ನ ಕೆತ್ತಿ ಒಗೀತೇನಿ ಅಂದಿದ್ದ. ನಿಮಗ ಗೊತ್ತಿತ್ತೇನು?"

ದೌಲತರಾಯರ ನಗೆ ಒಂದು ಗಳಿಗೆ ನಿಂತಿತು. "ಗೊತ್ತಿತ್ತು. ಬ್ಯಾಡ ಅಂದೆ. ಹೂಂ ಅಂದ. ಬುಧವಾರ ಸಂಜೀಕ ನಾ ಈ ಆಯ್ಕೆದಾರರ ಜೋಡಿ ನಮ್ಮನ್ಯಾಗ ಊಟಕ್ಕ ಕೂತಿದ್ದೆ. ಅವರನ್ನೇ ಕೇಳ್ರಿ."

ಕೇಳಿಯಾಗಿತ್ತು. ಕಲಬುರಗಿಯಿಂದ ಬಂದ ಇಬ್ಬರೂ ಹೌದೆಂದಿದ್ದರು.

"ಮತ್ತ ನಾ ಮಾಡಿದ್ದು ಗುನ್ಹೆ ಅನ್ನೋದಾದ್ರ," ಅವರು ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದರು, "ಯಾವ ಕಲಂ ಹಚ್ಚತೀರಿ ಮೇಡಂ? ಸಪಾಟ ನೆಲ ಮಾಡಬಾರದು ಅಂತ ಕಾನೂನಿನಾಗ ಎಲ್ಯರ ಅದೇನು?"

ಇಲ್ಲ. ಎಲ್ಲಿಯೂ ಇಲ್ಲ. ಚೆಂಡು ಎಸೆಯುವ ಹನ್ನೊಂದು ಹುಡುಗಿಯರು ನಸುಕಿನಲ್ಲೆದ್ದು ಬಸ್ಸಿಗೆ ಓಡಿ ಮೂರು ವರ್ಷ ಕಲಿತದ್ದನ್ನು ನಾಲ್ಕು ಬುಟ್ಟಿ ಬಿಳಿ ಮಣ್ಣು ಮುಚ್ಚಿಹಾಕಿತ್ತು. ಅದಕ್ಕೆ ಹೆಸರಿಲ್ಲ, ಕಲಮಿಲ್ಲ. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಜಯಮಾಲಾ ಇಂಥದ್ದನ್ನು ಎಷ್ಟೋ ಕಂಡಿದ್ದಳು. ಅನ್ಯಾಯ ಕಣ್ಣೆದುರೇ ಕೂತಿರುತ್ತದೆ, ಹೋಳಿಗೆ ತಿನ್ನುತ್ತೀರಾ ಎಂದು ಕೇಳುತ್ತದೆ, ಹಿಡಿದು ಒಯ್ಯಲು ಬರುವುದಿಲ್ಲ.

"ಕೂಡ್ರಿ, ಆಟ ನೋಡ್ರಿ," ಎಂದು ದೌಲತರಾಯರು ಹೊರಟುಹೋದರು.

*

"ಈ ಹುಡುಗಿಗಿ ಇವತ್ತು ಏನಾಗ್ಯದ?" ದತ್ತಪ್ಪ ಮಾಸ್ತರರು ಕನ್ನಡಕ ಒರೆಸಿದರು.

"ಅಪ್ಪ ಲಾಕಪ್ಪಿನಾಗ ಇದ್ರ ಏನಾಗಬೇಕ್ರಿ?"

"ಅದಲ್ರಿ ಮೇಡಂ. ನಿನ್ನೆ ಪಕ್ಕದ ಅಂಗಳದಾಗ ಅಭ್ಯಾಸ ಮಾಡೋವಾಗ ನೋಡೇನಿ. ನಾಣ್ಯ ಇಟ್ರ ನಾಣ್ಯದ ಮ್ಯಾಲ ಹಾಕ್ತಾಳ. ಇವತ್ತು ಒಂದೋ ಗಿಡ್ಡ, ಇಲ್ಲಾ ಬ್ಯಾಟಿನ ಬುಡಕ್ಕ. ನಡುವ ಒಂದೂ ಬೀಳವಲ್ದು. ಸ್ಪಿನ್ನರಿನ ಜೀವನೇ ಆ ನಡುವಿನ ಜಾಗ. ಆ ಜಾಗಕ್ಕ ಆಕಿ ಅಂಜಾಕತ್ತಾಳ ಅನಸ್ತದ."

ಜಯಮಾಲಾ ಕಣ್ಣು ಕಿರಿದು ಮಾಡಿದಳು. ಬ್ಯಾಟಿನವಳಿಂದ ಐದು ಹೆಜ್ಜೆ ಮುಂದೆ, ಸ್ಟಂಪಿನ ನೇರಕ್ಕೆ. ದೂರದಿಂದ ಎಲ್ಲ ಒಂದೇ ಬಿಳಿ.

ಶಿವಗಂಗಾ ಮತ್ತೆ ಓಡಿ ಬಂದಳು. ಬೆವರಿಗೆ ಚೆಂಡು ಕೈಯಿಂದ ಜಾರಿತೋ ಏನೋ. ಈ ಸಲ ಅದು ಗಿಡ್ಡವೂ ಬೀಳಲಿಲ್ಲ, ಬುಡಕ್ಕೂ ಹೋಗಲಿಲ್ಲ. ಸರಿಯಾಗಿ ಆ ಜಾಗದಲ್ಲಿ ಬಿತ್ತು.

ಬಿದ್ದದ್ದೇ ಹಾವಿನ ಹೆಡೆಯಂತೆ ತಿರುಗಿತು. ಭಾಗ್ಯಜ್ಯೋತಿಯ ಜೊತೆಗಿದ್ದ ಹುಡುಗಿ ಬ್ಯಾಟು ಎತ್ತುವುದರೊಳಗೆ ಸ್ಟಂಪು ಮಲಗಿತ್ತು.

ಮೂರು ಪಂದ್ಯದಲ್ಲಿ ಮೊದಲ ಸಲ ಮೈದಾನ ಚೆಂಡು ಎಸೆದವಳಿಗಾಗಿ ಕೂಗಿತು. ಶಾಮಿಯಾನಾದಲ್ಲಿ ಇಬ್ಬರು ಆಯ್ಕೆದಾರರೂ ಪೆನ್ನು ತೆಗೆದರು. ಆಳಂದದ ಕ್ಯಾಪ್ಟನ್ ಗುಲಫಶಾ ಸ್ಟಂಪಿನ ಹಿಂದಿನಿಂದ ಗ್ಲೌಸು ಹಾರಿಸುತ್ತ ಓಡಿಬಂದಳು. "ಬಿತ್ತಲ್ಲಬೇ! ಅಲ್ಲೇ ಹಾಕು, ಅದೇ ಜಾಗಾ! ನಿನ್ನ ಕಾಲಿಗಿ ಬೀಳ್ತೇನಿ!"

ಶಿವಗಂಗಾ ನಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಕೈ ತೆಗೆದಾಗ ಆ ಮುಖ ಪಿಚ್ಚಿನಷ್ಟೇ ಬಿಳಿಚಿತ್ತು. ಮುಂದಿನ ಎರಡು ಚೆಂಡು ಬೇಕೆಂದೇ ಅಗಲ ಹಾಕಿದಳು. ಗುಲಫಶಾ ತಲೆ ಚಚ್ಚಿಕೊಂಡಳು.

"ಇದು ಆಗಬಾರದಿತ್ತು," ಎಂದರು ದತ್ತಪ್ಪ ಮಾಸ್ತರರು ನಿಧಾನವಾಗಿ. "ಈ ಮಾಳಿಗಿ ಮ್ಯಾಲ ಚೆಂಡು ಹಂಗ ತಿರಗಂಗಿಲ್ಲ. ತಿರಗ್ಯದ ಅಂದ್ರ ಅಲ್ಲೊಂದು ಗೇಣು ನೆಲ ಬ್ಯಾರೆ ಅದ. ತೋಡಿ ಮುಚ್ಚಿದಂಗ."

"ತೋಡಿ ಮುಚ್ಚಿದಂಗ," ಜಯಮಾಲಾ ಮೆಲ್ಲಗೆ ಅಂದಳು.

ಮೈದಾನದಲ್ಲಿ ಯಾರೂ ಕಾಲಿಡದ ಜಾಗ ಒಂದೇ, ಪಿಚ್ಚು. ಒಂದು ಸಲ ರೋಲರು ಹೋಯಿತೆಂದರೆ ಅದನ್ನು ಯಾರೂ ಅಗೆಯುವುದಿಲ್ಲ. ಗುರುವಾರ ಕೂಲಿಯವರು ಮೇಲೆ ಹೊಟ್ಟು, ಕರ್ಲು ಹರಡಿ ರೋಲರು ಎಳೆದಿದ್ದರು. ಬುಧವಾರ ಸಂಜೆ ಅದು ಹಸಿಯಾಗಿತ್ತು, ಕೊಡತಿ ಕಾಣೆಯಾದದ್ದೂ ಆಗಲೇ.

"ಆದ್ರ ಒಂದು ಮಾತು," ಎಂದರು ಮಾಸ್ತರರು. "ಆಟ ಬಲ್ಲವರ್ಯಾರೂ ಆ ಜಾಗ ಮುಟ್ಟಂಗಿಲ್ಲ ರೀ. ಚೆಂಡು ಬೀಳೋದೇ ಅಲ್ಲಿ. ಏನರ ಮುಚ್ಚಬೇಕಂದ್ರ ಸ್ಟಂಪಿನ ಹಿಂದ ಎಷ್ಟು ಜಾಗ ಬೇಕು ಅಷ್ಟು ಅದ."

ಜಯಮಾಲಾ ಅರ್ಧ ಎದ್ದವಳು ಹಾಗೆಯೇ ನಿಂತಳು. ಈಗ ಒಳಗೆ ಹೋಗಿ ಅಗೆಸಿದರೆ ಪಂದ್ಯ ಅಲ್ಲಿಗೆ ಮುಗಿಯಿತು. ಮುರಿದ ಪಿಚ್ಚಿನ ಮೇಲೆ ಯಾರೂ ಆಡಿಸುವುದಿಲ್ಲ, ಆಯ್ಕೆದಾರರು ಇನ್ನೊಂದು ದಿನ ಬರುವುದಿಲ್ಲ, ಆ ಹುಡುಗಿ ಒಂದೇ ವಿಕೆಟ್ ಹಿಡಿದು ಖಜೂರಿಯ ಬಸ್ಸು ಹತ್ತುತ್ತಾಳೆ. ಪಂದ್ಯ ಮುಗಿಯಲೆಂದು ಕಾದರೆ ಐದು ದಾಟುತ್ತದೆ. ಅಪ್ಪನನ್ನು ಉಳಿಸಿದರೆ ಮಗಳಿಲ್ಲ, ಮಗಳನ್ನು ಉಳಿಸಿದರೆ ಅಪ್ಪನಿಲ್ಲ.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಕಿವಿ ಮಂದವಾದ ಮೇಲೆ ಅವಳು ಸ್ಪೀಕರ್ ಹಾಕಿಯೇ ಮಾತಾಡುವುದು. ಠಾಣೆಯಿಂದ ಪಿ.ಎಸ್.ಐ. ಸುನೀಲಕುಮಾರ.

"ಮೇಡಂ, ಕೆಲಸ ಮುಗೀತು. ಮಾಳಿಂಗ ಒಪ್ಪಿಕೊಂಡ. ನಾನೇ ಹೊಡದೇನಿ, ಕಲ್ಲಿಲೆ ಹೊಡದೇನಿ ಅಂತ ಹೇಳ್ಯಾನ. ಕಲ್ಲು ಎಲ್ಲಿ ಒಗದಿ ಅಂದ್ರ ನೆನಪಿಲ್ಲ ಅಂತಾನ. ನೀವು ಬಂದುಬಿಡ್ರಿ. ಮತ್ತ..." ಅವನ ದನಿ ಸ್ವಲ್ಪ ತಗ್ಗಿತು, "ಒಂದೇ ಕೇಳ್ಯಾನ್ರಿ. ಆಟ ಮುಗಿಯೋತನಾ ಮಗಳಿಗಿ ಹೇಳಬ್ಯಾಡ್ರಿ ಅಂತ."

ಜಯಮಾಲಾ ಗಾಬರಿಯಿಂದ ಫೋನನ್ನು ಎದೆಗೆ ಒತ್ತಿಕೊಂಡಳು. ತಡವಾಗಿತ್ತು. ಹತ್ತು ಹೆಜ್ಜೆ ದೂರದಲ್ಲಿ ಬೌಂಡರಿ ಕಾಯುತ್ತಿದ್ದ ಆಳಂದದ ಖಮರ ತಿರುಗಿ ನೋಡುತ್ತಿದ್ದಳು. ಓವರು ಮುಗಿದಿತ್ತು. ಖಮರ ಓಡಿದಳು.

"ಏ ಖಮರ! ನಿಲ್ಲಬೇ!" ಜಯಮಾಲಾ ಕೂಗಿದಳು. ಮೂವತ್ತನಾಲ್ಕು ವರ್ಷದಲ್ಲಿ ಒಬ್ಬ ಕೈದಿ ಕೇಳಿದ ಅತಿ ಸಣ್ಣ ಉಪಕಾರ. ಅದನ್ನೂ ನಡೆಸಿಕೊಡಲು ಅವಳಿಂದ ಆಗಲಿಲ್ಲ.

ದೂರದಲ್ಲಿ ಇಬ್ಬರು ಹುಡುಗಿಯರ ತಲೆ ಕೂಡಿದವು. ಶಿವಗಂಗಾ ಕುಸಿದು ಬೀಳುತ್ತಾಳೆ ಎಂದುಕೊಂಡಳು ಜಯಮಾಲಾ. ಅವಳು ಕುಸಿಯಲಿಲ್ಲ. ಖಮರಳ ಎರಡೂ ತೋಳು ಹಿಡಿದು ಏನೋ ಕೇಳಿದಳು. ಖಮರ ತಲೆಯಾಡಿಸಿದಳು. ಇನ್ನೊಮ್ಮೆ ಕೇಳಿದಳು. ಖಮರ ನೆಲದಿಂದ ಒಂದು ಹರಳು ಎತ್ತಿ ತೋರಿಸಿದಳು.

ಆಮೇಲೆ ಶಿವಗಂಗಾ ಬಹಳ ಹೊತ್ತು ಠಾಣೆಯ ದಿಕ್ಕಿಗೆ ನೋಡುತ್ತ ನಿಂತಳು.

ತನ್ನ ಮುಂದಿನ ಓವರಿನ ಮೊದಲ ಚೆಂಡನ್ನು ಆ ಜಾಗಕ್ಕೇ ಹಾಕಿದಳು. ವಿಕೆಟ್ ಬಿತ್ತು. ಎರಡನೆಯದನ್ನೂ ಅಲ್ಲಿಗೇ ಹಾಕಿದಳು. ಹೊಸದಾಗಿ ಬಂದವಳ ಪ್ಯಾಡಿಗೆ ಬಡಿಯಿತು, ಅಂಪೈರು ಬೆರಳೆತ್ತಿದ. ಇರಮ ಬರೆಯುವುದನ್ನು ಬಿಟ್ಟು ಎದ್ದು ನಿಂತಿದ್ದಳು. ಮೂರು, ನಾಲ್ಕು, ಐದು. ನಾಣ್ಯದ ಮೇಲೆ ನಾಣ್ಯ ಇಟ್ಟಂತೆ ಎಲ್ಲವೂ ಅದೇ ಗೇಣಗಲದ ನೆಲಕ್ಕೆ. ಆಯ್ಕೆದಾರರು ಶಾಮಿಯಾನಾ ಬಿಟ್ಟು ಬಿಸಿಲಿಗೆ ಬಂದಿದ್ದರು. ಜನ ಹುಚ್ಚೆದ್ದು ಕೂಗುತ್ತಿದ್ದರು. ಛಕ್ಕಾ ಅಷ್ಟೇ ಬೇಕು ಎಂದು ಯಾರು ಹೇಳಿದ್ದು?

ಆದರೆ ಜಯಮಾಲಾಳಿಗೆ ಕಂಡದ್ದೇ ಬೇರೆ. ಆ ಹುಡುಗಿ ವಿಕೆಟ್ಟಿಗಾಗಿ ಹಾಕುತ್ತಿರಲಿಲ್ಲ. ಹಾರೆ ಇಲ್ಲದವಳು ಚೆಂಡಿನಿಂದಲೇ ಆ ನೆಲವನ್ನು ಅಗೆಯುತ್ತಿದ್ದಳು.

ಕೊನೆಯ ಚೆಂಡು ಬಿದ್ದಾಗ ಬಿಳಿ ಪದರ ಬಿಲ್ಲೆಯಷ್ಟು ಎದ್ದು ಬಂತು. ಭಾಗ್ಯಜ್ಯೋತಿ ಅದನ್ನು ಕೂಡಿಸಲೆಂದು, ಎಲ್ಲ ಬ್ಯಾಟಿನವರೂ ಮಾಡುವಂತೆ ಬ್ಯಾಟಿನ ತುದಿಯಿಂದ ತಟ್ಟಿದಳು. ಠಪ್ ಎನ್ನಬೇಕಿತ್ತು. ಬೊಳ್ ಎಂದಿತು. ಮತ್ತೊಮ್ಮೆ ತಟ್ಟಿದಳು. ಕೆಳಗಿನಿಂದ ಮರ ಉತ್ತರ ಕೊಟ್ಟಿತು.

"ಅಂಪೈರ್ ಸರ್," ಅವಳು ಬ್ಯಾಟು ಹಿಂದಕ್ಕೆಳೆದುಕೊಂಡಳು, "ಒಳಗ ಏನೋ ಅದ ನೋಡ್ರಿ."

*

ಜಯಮಾಲಾ ಪಿಚ್ಚಿನ ಮೇಲೆ ಮೊಣಕಾಲೂರಿದಾಗ ಸುತ್ತ ಎರಡೂ ತಂಡ ನೆರೆದಿದ್ದವು. ದೌಲತರಾಯರು ದೂರದಿಂದಲೇ, "ಮ್ಯಾಚ್ ನಿಲ್ಲಸಬ್ಯಾಡ್ರಿ! ಹತ್ತು ನಿಮಿಷದಾಗ ಸರಿ ಮಾಡಸ್ತೇನಿ!" ಎಂದು ಕೂಗುತ್ತಿದ್ದರು. ಆಯ್ಕೆದಾರರಲ್ಲಿ ಹಿರಿಯವನು ಒಡೆದ ನೆಲ ನೋಡಿ ತನ್ನ ಫೈಲು ಮುಚ್ಚಿದ. ಅದು ಮುಚ್ಚಿದ ಸದ್ದು ಜಯಮಾಲಾಳ ಮಂದ ಕಿವಿಗೂ ಕೇಳಿತು.

ಅವಳು ಉಗುರಿನಿಂದ ಪದರ ಎಬ್ಬಿಸಿದಳು. ನಡುವೆ ಹೊಟ್ಟು ಉದುರಿಸಿದ್ದರಿಂದ ಹಪ್ಪಳದಂತೆ ಬಿಟ್ಟುಕೊಂಡಿತು. ಅದರ ಕೆಳಗೆ ಇನ್ನೊಂದು ನೆಲ. ನುಣ್ಣಗೆ ಸಾರಿಸಿದ್ದು. ನಡುವೆ ಒತ್ತಿದ ಒಂದು ಅಂಗೈ.

ಜಯಮಾಲಾ ಆ ಗುರುತಿನ ಮೇಲೆ ತನ್ನ ಬಲಗೈ ಇಟ್ಟಳು. ಹೆಬ್ಬೆರಳು ಆಚೆ ಬಿತ್ತು. ಎಡಗೈ ಇಟ್ಟಳು. ಬೆರಳಿಗೆ ಬೆರಳು ಕೂತಿತು.

ಲಕ್ಷ್ಮಿ ನಿಲ್ಲಲಿ ಅಂತ. ಯಾವ ಅಂಜಿಕೆಯಲ್ಲಿ, ಯಾವ ಅವಸರದಲ್ಲಿ ಮುಚ್ಚಿದರೂ ಸಾರಿಸಿದ ಕೈ ತನ್ನ ರೂಢಿ ಬಿಟ್ಟಿರಲಿಲ್ಲ.

ಅವಳು ತಲೆ ಎತ್ತುವ ಮೊದಲೇ ಶಿವಗಂಗಾ ಎದುರು ಕೂತಿದ್ದಳು. ಚೆಂಡನ್ನು ಮಡಿಲಿಗೆ ಹಾಕಿಕೊಂಡು ಎಡಗೈ ಚಾಚಿದಳು.

"ನಂದೇ ಅದ ಅಕ್ಕಾರ."

"ಮಾತಾಡಬ್ಯಾಡವ್ವ," ಜಯಮಾಲಾ ಪಿಸುಗುಟ್ಟಿದಳು. "ಇಷ್ಟು ಮಂದಿ ಎದುರಿಗಿ ಮಾತಾಡಬ್ಯಾಡ."

"ಮಾತಾಡ್ತೇನಿ ರೀ. ಅವತ್ತು ಅಪ್ಪನ್ನ ಹುಡುಕ್ಕೊಂತ ಬಂದೆ. ಧರ್ಮಣ್ಣ ಕಾಕಾ ಬಿದ್ದಿದ್ದ. ಬಾಜೂಕ ಕೊಡತಿ, ರಕ್ತ ಹತ್ತಿತ್ತು. ಅಪ್ಪನೇ ಹೊಡದಾನ ಅನಕೊಂಡೆ. ಕಾಕಾನ ತಲಿಗಿ ಟವಲ್ ಇಟ್ಟೆ, ಆಂಬುಲೆನ್ಸಿಗಿ ಫೋನ್ ಮಾಡಿದೆ, ಕೊಡತಿ ಹುಗದೆ." ಅವಳು ಠಾಣೆಯ ಕಡೆ ಕೈ ಮಾಡಿದಳು. "ಆದ್ರ ಅಪ್ಪ ಕಲ್ಲಿಲೆ ಹೊಡದೇನಿ ಅಂದಾನಂತ. ಕಲ್ಲಿಲೆ! ಅಂದ್ರ ಅವನಿಗಿ ಕೊಡತಿದು ಗೊತ್ತೇ ಇಲ್ಲ. ಅವ ಅಲ್ಲಿ ಬಂದೇ ಇಲ್ರಿ ಅಕ್ಕಾರ. ಫೋನ್ ಮಾಡಿದ್ದು ಹೆಣ್ಣುದನಿ ಅಂತ ಕೇಳಿರಬೇಕು. ನಾನೇ ಹೊಡದೇನಿ ಅಂತ ತಿಳದು ನನ್ನ ಸಲುವಾಗಿ ಒಪ್ಪಿಕೊಂಡಾನ."

ಅಪ್ಪ ಮಗಳಿಗಾಗಿ ಸುಳ್ಳು ಹೇಳಿದ್ದ. ಮಗಳು ಅಪ್ಪನಿಗಾಗಿ ನೆಲ ಸಾರಿಸಿದ್ದಳು. ಈಗ ಅಪ್ಪನನ್ನು ಬಿಡಿಸಬೇಕೆಂದರೆ ಸಾಕ್ಷಿ ಮುಚ್ಚಿಟ್ಟ ಮಗಳನ್ನು ಕರೆದೊಯ್ಯಬೇಕು, ಮೂರು ವಿಕೆಟ್ ತೆಗೆದ ಈ ಮಧ್ಯಾಹ್ನವೇ. ಜಯಮಾಲಾಳಿಗೆ ಯಾರ ಮುಖವನ್ನೂ ನೋಡಲಾಗಲಿಲ್ಲ. ಅವಳು ಕೈಯಿಂದಲೇ ಮಣ್ಣು ತೆಗೆದಳು. ಗೇಣು ಆಳದಲ್ಲಿ ಕೊಡತಿ ಸಿಕ್ಕಿತು. ಮೆಲ್ಲಗೆ ಎತ್ತಿ ಕರವಸ್ತ್ರದ ಮೇಲಿಟ್ಟಳು.

"ಒಂದು ಮಾತು ಹೇಳು," ಎಂದರು ಮೇಲೆ ನಿಂತಿದ್ದ ದತ್ತಪ್ಪ ಮಾಸ್ತರರು, ಸಿಟ್ಟಿಲ್ಲದ ದನಿಯಲ್ಲಿ. "ನೀ ಸ್ಪಿನ್ನರ್ ಇದ್ದಿ ಮಗಾ. ಇಡೀ ಮೈದಾನ ಬಿಟ್ಟು, ಚೆಂಡು ಬೀಳೋ ಜಾಗದಾಗ ಯಾಕ ತೋಡಿದಿ?"

"ಗಡಿಬಿಡ್ಯಾಗ ಕೈ ಎಲ್ಲಿ ಹೋತೋ ಅಲ್ಲಿ ರೀ ಸರ್. ಬ್ಯಾರೆ ಕಡಿ ನೆಲ ಗಟ್ಟಿ ಆಗಿತ್ತು." ಶಿವಗಂಗಾ ಕಣ್ಣೊರೆಸಿಕೊಂಡಳು. "ಇದೊಂದೇ ಜಾಗ ಮೆತ್ತಗಿತ್ತು. ಯಾರೋ ಆಗಲೇ ತೋಡಿ ಮುಚ್ಚಿದಂಗ."

ಜಯಮಾಲಾಳ ಕೈ ಇನ್ನೂ ಕುಣಿಯೊಳಗೇ ಇತ್ತು. ಕೊಡತಿ ಇದ್ದ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ, ಹಸಿ ಮಣ್ಣಿನಲ್ಲಿ, ಅವಳ ಬೆರಳ ತುದಿಗೆ ಏನೋ ತಣ್ಣಗೆ ತಾಗಿತು. ಕಬ್ಬಿಣ. ಚೀಲದ ತುಂಡಿನಲ್ಲಿ ಸುತ್ತಿ ಹುರಿಯಿಂದ ಬಿಗಿದದ್ದು. ಧರ್ಮಣ್ಣ ಮೇಲಿನ ಕರ್ಲು ಕೆತ್ತಿದ್ದರೆ ಈ ಕುಣಿ ಕಾಣುತ್ತಿತ್ತು.

"ಶಿವಗಂಗಾ," ಎಂದಳು, ಕೈ ಹೊರಗೆ ತೆಗೆಯದೆ. "ನೀ ಎಷ್ಟು ಸಾಮಾನು ಹುಗದಿ?"

"ಒಂದೇ ಅಕ್ಕಾರ."